ಮನೆ ಕಂದಾಯ ಏರ್ಸಿದ್ರಾ? ಜಮಾಬಂದಿಗೆ ಹೋಗಿ ಲೆಕ್ಕ ಕೇಳೋದು ಹೇಗೆ ಅಂತ ಹೇಳ್ತೀನಿ

ಕೆಲವು ವರ್ಷದ ಹಿಂದೆ ಬಿಲ್ ಕಲೆಕ್ಟರ್ ಮನೆ ಹತ್ರ ಬಂದು ರಸೀದಿ ಹರ್ದು ಕೈಗಿಟ್ಟಾಗ ನಮ್ಮಪ್ಪ ಕನ್ನಡಕ ಹುಡುಕ್ಕೊಂಡು ಹಾಕ್ಕೊಂಡು ಎರಡು ಸಲ ಓದಿದ್ರು, ಹಿಂದಿನ ವರ್ಷ 640 ಇದ್ದಿದ್ದು 1,130 ಆಗಿತ್ತು. ಮನೆ ಅದೇ ಮನೆ, ಒಂದು ಇಟ್ಟಿಗೆ ಜಾಸ್ತಿ ಇಟ್ಟಿಲ್ಲ. ಸಾಯಂಕಾಲ ಟೀ ಅಂಗಡಿ ಹತ್ರ ಎಲ್ರೂ ಇದೇ ಮಾತು, ಒಬ್ಬ ಕಟ್ಟಲ್ಲ ಅಂದ, ಇನ್ನೊಬ್ಬ ಪಂಚಾಯ್ತಿಗೆ ಬೀಗ ಹಾಕೋಣ ಅಂದ, ಟೀ ಮುಗೀತು, ಎಲ್ರೂ ಹಾಲು ಹಾಕಕ್ಕೆ ಡೈರಿಗೆ ಹೋದ್ರು. ನಾನೂ ಎಷ್ಟೋ ವರ್ಷ ಹಂಗೇ ಮಾಡಿದೋನೇ. ಆಮೇಲೆ ಮೂರು ವರ್ಷ ಪಂಚಾಯ್ತಿ ಕಡತಗಳ ಹಿಂದೆ ಓಡಾಡಿ ಏನು ಮಾಡಿದ್ರೆ ಕೆಲಸ ಆಗತ್ತೆ ಏನು ಮಾಡಿದ್ರೆ ಬರೀ ಗಂಟಲು ನೋವು ಬರತ್ತೆ ಅಂತ ಒಂದಷ್ಟು ಗೊತ್ತಾಯ್ತು, ಅದನ್ನ ಬರೀತಿದೀನಿ. ಜಮಾಬಂದಿ ಅಂದ್ರೆ ಪಂಚಾಯ್ತಿ ವರ್ಷದ ಲೆಕ್ಕಾನ ಜನರ ಮುಂದೆ ಇಡೋ ಸಭೆ, ಅದರ ಕಥೆ ಮುಂದೆ ಬರತ್ತೆ. ನಮ್ಮದು ಕೋಲಾರ ಜಿಲ್ಲೆ, ಪಂಚಾಯ್ತಿ ಹೆಸರು ಬೇಡ ಬಿಡಿ, ಇದೇ ಕಥೆ ಚಿಂತಾಮಣಿ ಕಡೆ ಹೋದ್ರೂ ಸಿಗತ್ತೆ ಪಾವಗಡ ಕಡೆ ಹೋದ್ರೂ ಸಿಗತ್ತೆ.

ಮೊದ್ಲು ಒಂದು ಮಾತು, ಕಂದಾಯ ಕಟ್ಟದೇ ಇರೋದು ಪ್ರತಿಭಟನೆ ಅಲ್ಲ. ಬಾಕಿ ಪಟ್ಟಿಲಿ ನಿಮ್ಮ ಹೆಸರಿದ್ರೆ ಸಭೇಲಿ ಬಾಯಿ ತೆಗೆದ ತಕ್ಷಣ "ನಿಮ್ದೇ ಬಾಕಿ ಐತಲ್ಲ ಸ್ವಾಮಿ, ಮೊದ್ಲು ಅದು ಕಟ್ಟಿ" ಅಂತಾರೆ, ಜನ ನಗ್ತಾರೆ, ನಿಮ್ಮ ಪ್ರಶ್ನೆ ಅಲ್ಲೇ ಸತ್ತೋಯ್ತು. ಕಟ್ಟಿ, ರಸೀದಿ ಇಟ್ಕೊಳಿ, ಆಮೇಲೆ ಕೇಳಿ. ಕೋಲಾರ, ಮುಳಬಾಗಿಲು ಥರ ನಗರಸಭೆ ಇರೋ ಊರಲ್ಲಿರೋರಿಗಂತೂ ಏಪ್ರಿಲ್‌ನಲ್ಲಿ ಕಟ್ಟಿದ್ರೆ 5 ಪರ್ಸೆಂಟ್ ರಿಯಾಯ್ತಿ, ಜೂನ್ ದಾಟಿದ್ರೆ ತಿಂಗಳಿಗೆ 2 ಪರ್ಸೆಂಟ್ ದಂಡ, ಕೋಪ ಮಾಡ್ಕೊಂಡು ಕೂತ್ರೆ ಲಾಸು ನಮಗೇ.

ಆ ರಸೀದೀನ ಒಂದ್ಸಲ ಸರಿಯಾಗಿ ಓದಿ. ನಮ್ಮ 1,130ರಲ್ಲಿ ಮನೆ ಕಂದಾಯ ಅಂತ ಇದ್ದಿದ್ದು 843, ಮಿಕ್ಕಿದ 287 ಪೂರ್ತಿ ಸೆಸ್ಸು. ಆರೋಗ್ಯಕ್ಕೆ 15 ಪರ್ಸೆಂಟು, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ ಅಂತ 3, ಎಲ್ಲ ಸೇರಿ 34. ಇದು ಪಂಚಾಯ್ತಿಯೋರು ಮನಸ್ಸಿಗೆ ಬಂದಂಗೆ ಹಾಕಿದ್ದಲ್ಲ, ಸರ್ಕಾರದ ಲೆಕ್ಕ, ಆಯಾ ಇಲಾಖೆಗೆ ಹೋಗಬೇಕಾದ ದುಡ್ಡು. ಅದಕ್ಕೇ ಅಧ್ಯಕ್ಷರ ಹತ್ರ ಜಗಳ ಆಡೋದಿದ್ರೆ 1,130ಕ್ಕೆ ಆಡಬೇಡಿ, 843ಕ್ಕೆ ಆಡಿ. ಇಲ್ಲಾಂದ್ರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಂದೇ ನಿಮಿಷದಲ್ಲಿ ನಿಮ್ಮ ಬಾಯಿ ಮುಚ್ಚಿಸ್ತಾರೆ, ನಂಗೆ ಹಂಗೇ ಆಗಿದ್ದು.

ಈಗ ಏರಿಕೆ ವಿಷಯ. ಕಂದಾಯದ ದರ ಜಾಸ್ತಿ ಮಾಡಬೇಕು ಅಂದ್ರೆ ಪಂಚಾಯ್ತಿ ಸಭೇಲಿ ಠರಾವು, ಅಂದ್ರೆ ನಿರ್ಣಯ, ಆಗಿರಬೇಕು, ಅದು ನಡಾವಳಿ ಪುಸ್ತಕದಲ್ಲಿ ಇರತ್ತೆ. ಯಾವ ತಾರೀಕು, ಯಾವ ಸದಸ್ಯರಿದ್ರು, ದರ ಎಷ್ಟರಿಂದ ಎಷ್ಟಕ್ಕೆ, ಜನರ ಆಕ್ಷೇಪಣೆ ಕೇಳಿ ನೋಟಿಸ್ ಬೋರ್ಡಿಗೆ ಹಾಕಿದ್ರಾ, ಇಷ್ಟು ನೋಡಿ. ನಮ್ಮೂರಲ್ಲಿ ನಡಾವಳಿ ನಕಲು ಸಿಕ್ಕಿದ ದಿನ ತಮಾಷೆ ಏನಾಯ್ತು ಅಂದ್ರೆ ಟೀ ಅಂಗಡೀಲಿ ಬೀಗ ಹಾಕೋಣ ಅಂದಿದ್ನಲ್ಲ ಅವನ ಹೆಂಡತೀನೇ ಸದಸ್ಯೆ, ಠರಾವಿಗೆ ಅವರದ್ದೂ ಸೈನ್ ಇತ್ತು. ಕೇಳಿದ್ರೆ ಪುಸ್ತಕ ತಂದ್ರು ಸೈನ್ ಹಾಕಿದೆ ಅಂದ್ರು, ಸುಳ್ಳಲ್ಲ, ಅರ್ಧ ಪಂಚಾಯ್ತಿಗಳಲ್ಲಿ ಹಂಗೇ ನಡೆಯೋದು.

ಆಕ್ಷೇಪಣೆ ಅರ್ಜಿ ಅಂದ್ರೆ ದೊಡ್ಡ ಭಾಷಣ ಬೇಡ. ನಿಮ್ಮ ಆಸ್ತಿ ನಂಬರು, ಹಳೇ ಕಂದಾಯ, ಹೊಸ ಕಂದಾಯ, ಯಾಕೆ ಒಪ್ಪಲ್ಲ ಅಂತ ಎರಡು ಸಾಲು. ಎರಡು ಪ್ರತಿ ತಗೊಂಡು ಹೋಗಿ, ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು, ಸ್ವೀಕೃತಿ ನಂಬರು ಹಾಕಿಸ್ಕೊಂಡೇ ಬನ್ನಿ. "ಇಟ್ಟೋಗಿ ನೋಡ್ತೀವಿ" ಅಂದ್ರೆ ಅಲ್ಲೇ ಬೆಂಚಿನ ಮೇಲೆ ಕೂತ್ಕೊಳಿ. ಸೀಲಿಲ್ಲದ ಅರ್ಜಿ ಬೋಂಡ ಕಟ್ಟೋ ಪೇಪರ್‌ಗೆ ಸಮ.

ಆ ಅರ್ಜೀಲಿ ಏನು ಬರೆದ್ರೆ ನಾಟತ್ತೆ? ನನ್ನ ಪ್ರಕಾರ ಒಂದೇ ಒಂದು ಪ್ರಶ್ನೆ, ಹಳೇ ಬಾಕಿ ಎಷ್ಟಿದೆ. ಪ್ರತಿ ಪಂಚಾಯ್ತೀಲೂ ಡಿಸಿಬಿ ಅಂತ ಇರತ್ತೆ, ಬೇಡಿಕೆ, ವಸೂಲಿ, ಬಾಕಿ, ಮೂರು ಕಾಲಂ. ಆ ಬಾಕಿ ಕಾಲಂ ನೋಡಿ, ಮೇಲಿಂದ ಕೆಳಗೆ ಬೆರಳು ಇಟ್ಕೊಂಡು ಹೋಗಿ. 500, 700 ಬಾಕಿ ಇರೋ ಕೂಲಿ ಮಾಡೋರ ಮನೆಗಳ ಮಧ್ಯ ದೊಡ್ಡ ಶೆಡ್ಡು, ಲೇಔಟ್ ಸೈಟುಗಳು, ಕಲ್ಯಾಣಮಂಟಪ ಇಂಥವು ವರ್ಷಗಟ್ಲೆ ಸುಮ್ನೆ ಮಲ್ಕೊಂಡಿರ್ತವೆ. ಅವರ ಹತ್ರ ವಸೂಲಿ ಮಾಡದೇ ಕಟ್ಟೋರ ಮೇಲೇ ಇನ್ನಷ್ಟು ಹೇರಿದ್ರೆ ಹೇಗೆ ಅಂತ ಕೇಳಿ. ಇದಕ್ಕೆ ಯಾವ ಸಭೇಲೂ ಸಲೀಸಾಗಿ ಉತ್ತರ ಬರಲ್ಲ.

ಸರಿ, ಇನ್ನು ಖರ್ಚು. ಇದೇ ಮುಖ್ಯ, ಯಾಕಂದ್ರೆ ದುಡ್ಡು ಸಾಲ್ತಿಲ್ಲ ಅಂತ ತಾನೇ ಏರ್ಸೋದು, ಹೋಗ್ತಿರೋದು ಎಲ್ಲಿಗೆ ಅಂತ ನೋಡಬೇಕಲ್ಲ. ನಮ್ಮ ರಾಜ್ಯದಲ್ಲಿ ಜಮಾಬಂದಿ ಅಂತ ಒಂದಿದೆ, ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯ್ತೀಲೂ ಮಾಡ್ಬೇಕು, ಹಿಂದಿನ ಆರ್ಥಿಕ ವರ್ಷದ ಲೆಕ್ಕಾನೆಲ್ಲ ಜನರ ಮುಂದೆ ಇಡಬೇಕು, ಹೊರಗಡೆಯಿಂದ ಒಬ್ಬ ಅಧಿಕಾರಿ ಬಂದು ಕೂತಿರ್ತಾರೆ. ಕ್ಯಾಶ್ ಬುಕ್ಕು, ವೋಚರ್ (ಖರ್ಚಿನ ಚೀಟಿ) ಫೈಲು, ಕಾಮಗಾರಿ ಕಡತ, ಅಳತೆ ಪುಸ್ತಕ ಎಲ್ಲ ಟೇಬಲ್ ಮೇಲೆ. ಇಷ್ಟು ದೊಡ್ಡ ಬಾಗಿಲು ತೆಗ್ದಿಟ್ಟಿದ್ರೂ ಒಳಗೆ ಹೋಗೋರು ಹತ್ತು ಜನ, ಅದ್ರಲ್ಲಿ ಆರು ಜನ ಗುತ್ತಿಗೆದಾರರು. ಯಾವತ್ತು ಅಂತ ತಮಟೆ ಸಾರಿಸಿ ಹೇಳ್ತಾರೆ ಅಂತ ಕಾಯಬೇಡಿ, ಆಗಸ್ಟ್ ಹುಟ್ಟಿದ ತಕ್ಷಣ ಹೋಗಿ ತಾರೀಕು ಕೇಳ್ಕೊಂಡು ಬನ್ನಿ.

ನಾನು ಮೊದಲನೇ ವರ್ಷ ಹೋದಾಗ ಚೆನ್ನಾಗಿ ಕೂಗಾಡ್ದೆ. ಚಪ್ಪಾಳೆನೂ ಬಿತ್ತು. ಆಮೇಲೆ ವರದಿ ತೆಗೆಸಿ ನೋಡಿದ್ರೆ "ಸಭೆಯು ಶಾಂತಿಯುತವಾಗಿ ನಡೆಯಿತು" ಅಂತ ಇತ್ತು, ನಾನು ಕೂಗಿದ್ದು ಒಂದಕ್ಷರ ಇಲ್ಲ. ಎರಡನೇ ವರ್ಷ ಬೇರೆ ಥರ ಹೋದೆ. ಒಂದು ವಾರ ಮುಂಚೆನೇ ನೀರುಗಂಟಿ ಜೊತೆ ಎರಡು ದಿನ ಬೆಳಿಗ್ಗೆ ವಾಲ್ವ್ ತಿರುಗಿಸಕ್ಕೆ ಅಂತ ಸುಮ್ನೆ ಜೊತೇಲಿ ಓಡಾಡ್ದೆ. ಯಾವ ಬೋರಲ್ಲಿ ಎಷ್ಟು ಎಚ್‌ಪಿ ಮೋಟ್ರಿದೆ, ಯಾವುದು ಯಾವಾಗ ಸುಟ್ಟಿತ್ತು, ಯಾವುದು ಬತ್ತೋಗಿ ಎಷ್ಟು ವರ್ಷ ಆಯ್ತು, ಪಂಚಾಯ್ತೀಲಿ ಯಾರಿಗೂ ಗೊತ್ತಿಲ್ಲದ್ದು ಆ ಮನುಷ್ಯನಿಗೆ ಬಾಯಿಪಾಠ. ಅವನ ಹೆಸರು ಮಾತ್ರ ಎಲ್ಲೂ ಎತ್ತಬೇಡಿ, ಪಾಪ ಅವನ ಸಂಬಳ ಆ ಪಂಚಾಯ್ತಿಯಿಂದಾನೇ ಬರೋದು.

ಬೋರ್‌ವೆಲ್ಲೇ ಯಾಕೆ ಹಿಡ್ದೆ ಅಂದ್ರೆ, ಕೋಲಾರದಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ, 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರು ಶುದ್ಧಿ ಮಾಡಿ ಕಳ್ಸೋದು, ಕೆರೆಗಳಿಗೆ ಬರ್ತಿದೆ ನಿಜ ಆದ್ರೆ ಕುಡಿಯೋಕೆ ಹಳ್ಳಿಗಳಲ್ಲಿ ಹೆಚ್ಚಾಗಿ ಸಾವಿರ ಅಡಿ ದಾಟಿದ ಬೋರೇ ಗತಿ. ಮೋಟ್ರು ಎತ್ತೋದು, ಇಳ್ಸೋದು, ರಿವೈಂಡಿಂಗು, ಕೇಬಲ್ಲು, ಪೈಪು, ಎಲ್ಲಾ ಸಣ್ಣ ಸಣ್ಣ ಬಿಲ್ಲು, ನೆಲದ ಒಳಗಿನ ಕೆಲಸ, ಯಾರೂ ಇಣುಕಿ ನೋಡಲ್ಲ. ರಸ್ತೆ ಕಳ್ಳತನ ಕಣ್ಣಿಗೆ ಕಾಣತ್ತೆ, ಬೋರಿನ ಕಳ್ಳತನ ಸಾವಿರ ಅಡಿ ಕೆಳಗಿರತ್ತೆ.

ಆವತ್ತು ಶಾಲೆ ಪಕ್ಕದ ಸಮುದಾಯ ಭವನದಲ್ಲಿ ಜಮಾಬಂದಿ. ತಟ್ಟೇಲಿ ಖಾರಬೂಂದಿ, ಟೀ, ಕೆಂಪು ಬಟ್ಟೇಲಿ ಕಟ್ಟಿದ ಫೈಲುಗಳು. ನಾನು ಬೂಂದಿ ಬಿಟ್ಟು ವೋಚರ್ ಫೈಲ್ ತಗೊಂಡು ಮೂಲೇಲಿ ಕೂತೆ, ನನ್ನ ನೋಟ್‌ಬುಕ್‌ನಲ್ಲಿ ನೀರುಗಂಟಿ ಹೇಳಿದ ಲಿಸ್ಟು. ಹೊಂದಿಸ್ತಾ ಹೋದಾಗ ಎಂಟು ವೋಚರ್ ಅನುಮಾನ ಬಂತು, ಅದ್ರಲ್ಲಿ ಎರಡು ಗುಡಿ ಹಿಂದಿನ ಬೋರಿಂದು, ಏಪ್ರಿಲ್‌ನಲ್ಲೊಂದು ರಿವೈಂಡಿಂಗು ಜೂನ್‌ನಲ್ಲೊಂದು ರಿವೈಂಡಿಂಗು. ಆ ಬೋರಿನ ಮೋಟ್ರು ಎತ್ತಿ ಎರಡು ಬೇಸಿಗೆ ಆಗಿತ್ತು, ಕೇಸಿಂಗ್ ಮೇಲೆ ಮಕ್ಕಳು ಬೀಳದಂಗೆ ಚಪ್ಪಡಿ ಕಲ್ಲು ಮುಚ್ಚಿದ್ರು, ಅದರ ಮೇಲೆ ಹೆಂಗಸರು ಬಟ್ಟೆ ಒಣಗಾಕ್ತಿದ್ರು. ನಾನು ಎದ್ದು ನಿಂತು ಮೆತ್ತಗೆ ಕೇಳಿದ್ದು ಇಷ್ಟೇ, "ಸಾರ್, ಈ ವೋಚರ್ ನಂಬರಿನ ಮೋಟ್ರು ಎಲ್ಲಿದೆ, ಹೋಗಿ ನೋಡ್ಕೊಂಡು ಬರೋಣ, ಎರಡು ನಿಮಿಷದ ದಾರಿ." ಅಧಿಕಾರಿ ಹೊರಟೇಬಿಟ್ರು. ಹಿಂದೆ ಇಡೀ ಸಭೆ. ಕಲ್ಲಿನ ಮೇಲೆ ಒಂದು ಲುಂಗಿ ಒಣಗ್ತಿತ್ತು. ಯಾರೂ ಮಾತಾಡ್ಲಿಲ್ಲ.

ವಾಪಸ್ ಬಂದ ಮೇಲೆ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅಂದ್ರೆ ವೋಚರ್ ನಂಬರ್ ಸಮೇತ ಬರೆದಿಟ್ಕೊಂಡಿದ್ದ ಆಕ್ಷೇಪಣೇನ ಕೊಟ್ಟು ವರದೀಲಿ ಸೇರ್ಸಿ ಅಂತ ಕೂತಿದ್ದು. "ಪರಿಶೀಲಿಸಿ ವರದಿ ನೀಡಲು ಸೂಚಿಸಿದೆ" ಅಂತ ಒಂದು ಸಾಲು ಬಂತು. ಆ ಒಂದು ಸಾಲಿಗೆ ಅದರ ಹಿಂದಿನ ವರ್ಷದ ನನ್ನ ಕೂಗಾಟಕ್ಕಿಂತ ತೂಕ ಜಾಸ್ತಿ.

ಹಾಂ, ನಂದೂ ತಪ್ಪಾಗಿತ್ತು. ಎಂಟರಲ್ಲಿ ಮೂರು ವೋಚರ್ ಸರಿಯಾಗೇ ಇದ್ವು, ಅದೇ ಸರ್ವೆ ನಂಬರಲ್ಲಿ ಇನ್ನೊಂದು ಬೋರ್ ಇತ್ತು ನಂಗೆ ಗೊತ್ತಿರ್ಲಿಲ್ಲ. ಕಳ್ಳ ಅಂತ ಮೈಕಲ್ಲಿ ಅಂದುಬಿಟ್ಟಿದ್ರೆ ಮಾನನಷ್ಟ ಅಂತ ನನ್ನ ಮೇಲೇ ತಿರುಗಿರೋದು. ಅದಕ್ಕೇ ಯಾವಾಗ್ಲೂ ಪ್ರಶ್ನೆ ಕೇಳಿ, ತೀರ್ಪು ಕೊಡಬೇಡಿ.

ರಸ್ತೆ, ಚರಂಡಿ ಆದ್ರೆ ಇನ್ನೂ ಸುಲಭ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರ್ದಿರ್ತಾರೆ, 30 ಮೀಟರ್ ಟೇಪು ತಗೊಂಡು ಬೆಳಿಗ್ಗೆ ಆರಕ್ಕೆ ಇಬ್ಬರು ಹೋದ್ರೆ ಮುಗೀತು. ನಾವು ಅಳೆದ ಸಿಸಿ ರಸ್ತೆ ಪುಸ್ತಕದಲ್ಲಿ 112 ಮೀಟರ್, ನೆಲದ ಮೇಲೆ 97. ಮೂರು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಲೆಕ್ಕ ಹಾಕಿದ್ರೆ 6.75 ಘನ ಮೀಟರ್ ಕಾಂಕ್ರೀಟು ಗಾಳೀಲಿ ಹೋಗಿದೆ. ಇನ್ನೊಂದು ಚಾಳಿ ನೋಡಿ, 5 ಲಕ್ಷ ದಾಟಿದ ಕಾಮಗಾರಿಗೆ ಟೆಂಡರ್ ಕರೀಬೇಕು, ಹಂಗಾಗಿ ಒಂದೇ ಬೀದೀನ "ರಾಮಣ್ಣನ ಮನೆಯಿಂದ ಗುಡಿಯವರೆಗೆ" ಒಂದು ಎಸ್ಟಿಮೇಟು, "ಗುಡಿಯಿಂದ ಕಟ್ಟೆಯವರೆಗೆ" ಇನ್ನೊಂದು ಎಸ್ಟಿಮೇಟು, ಎರಡೂ 4 ಲಕ್ಷದ 90 ಸಾವಿರದ ಆಸುಪಾಸು. ಇಂಥ ಜೋಡಿ ಕಂಡ್ರೆ ಎರಡಕ್ಕೂ ಗುತ್ತಿಗೆದಾರ ಒಬ್ಬನೇನಾ ಅಂತ ಹೆಸರು ನೋಡಿ.

ಮನೇಲಿ ಕೂತೇ ನೋಡೋದಾದ್ರೆ ಇ-ಗ್ರಾಮ್‌ಸ್ವರಾಜ್ ವೆಬ್‌ಸೈಟಲ್ಲಿ ಕೇಂದ್ರದಿಂದ ಬರೋ ಹಣಕಾಸು ಆಯೋಗದ ದುಡ್ಡು ಯಾರಿಗೆ ಹೋಯ್ತು ಅಂತ ವೋಚರ್ ಸಮೇತ ಕಾಣತ್ತೆ, ಮೇರಿ ಪಂಚಾಯತ್ ಅಂತ ಆ್ಯಪೂ ಇದೆ. 2021-26ರ 15ನೇ ಹಣಕಾಸು ಆಯೋಗದ ದುಡ್ಡಲ್ಲಿ 60 ಪರ್ಸೆಂಟು ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಆ ವರ್ಷಗಳ ಲೆಕ್ಕ ನೋಡೋವಾಗ ಅದನ್ನ ನೆನಪಲ್ಲಿಟ್ಕೊಳಿ. ನಮ್ಮ ಕಂದಾಯ ಬೀಳೋ ಖಾತೆ ಬೇರೆ, ವರ್ಗ 1 ಅಂತಾರೆ, ಅದರ ಖರ್ಚಿಗೆ ಕ್ಯಾಶ್ ಬುಕ್ಕೇ ನೋಡಬೇಕು.

ಕೇಳಿದ್ರೂ ತೋರಿಸ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು. ನಮ್ಮ ರಾಜ್ಯದ ನಿಯಮದಲ್ಲಿ ನಮೂನೆ ಎ, 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ನಕಲಿಗೆ ಪುಟಕ್ಕೆ 2 ರೂಪಾಯಿ. ಪಂಚಾಯ್ತೀಲಿ ಮಾಹಿತಿ ಅಧಿಕಾರಿ ಪಿಡಿಒನೇ. "ಯಾಕೆ ಇಷ್ಟು ಖರ್ಚು ಮಾಡಿದಿರಿ" ಅಂತ ಕೇಳಿದ್ರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಬರತ್ತೆ, ಕಾಗದ ಕೇಳಿ: "2024-25ನೇ ಸಾಲಿನಲ್ಲಿ ಕುಡಿಯುವ ನೀರಿನ ಮೋಟಾರ್ ದುರಸ್ತಿಗೆ ಪಾವತಿಸಿದ ವೋಚರ್, ಬಿಲ್ ಹಾಗೂ ದಾಸ್ತಾನು ವಹಿಯ ಸಂಬಂಧಿತ ಪುಟಗಳ ದೃಢೀಕೃತ ನಕಲು ನೀಡಿ." ದಾಸ್ತಾನು ವಹಿ ಮರೀಬೇಡಿ, ಹೊಸ ಮೋಟ್ರು ತಗೊಂಡ್ರೆ ಹಳೇದು ಎಲ್ಲಿ ಹೋಯ್ತು ಅನ್ನೋದು ಅಲ್ಲೇ ಸಿಗೋದು. 30 ದಿನದಲ್ಲಿ ಬರ್ಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ತಾಲ್ಲೂಕು ಪಂಚಾಯ್ತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಮೇಲ್ಮನವಿ, ಅಲ್ಲೂ ಆಗದಿದ್ರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ಸರದಿ ಬರೋದು ನಿಧಾನ, ಆದ್ರೆ ಮೇಲ್ಮನವಿ ಹಾಕಿದ ವಾರಕ್ಕೇ ಕಾಗದ ಮನೆಗೆ ಬಂದಿದ್ದೂ ಇದೆ.

ಒಂದು ಅರ್ಜೀಲಿ ಆಡಿಟ್ ವರದಿ ಕೇಳಿ, ಇದನ್ನ ಯಾರೂ ಕೇಳಲ್ಲ. ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯೋರು ಪಂಚಾಯ್ತಿ ಲೆಕ್ಕ ನೋಡಿ ಕೊನೇಲಿ ಆಕ್ಷೇಪಣೆಯಲ್ಲಿಟ್ಟ ಮೊತ್ತ, ವಸೂಲಿ ಮಾಡಬೇಕಾದ ಮೊತ್ತ ಅಂತ ಬರ್ದಿರ್ತಾರೆ. ನಾವು ಮೂರು ರಾತ್ರಿ ಕೂತು ಹುಡುಕಿದ್ದನ್ನ ಅವರು ಆಗ್ಲೇ ಬರ್ದು ಇಟ್ಟಿದ್ರು! ಆ ವಸೂಲಿ ಆಯ್ತಾ ಅಂತ ಮುಂದಿನ ಗ್ರಾಮಸಭೇಲಿ ಕೇಳಿ.

ಇಷ್ಟೆಲ್ಲ ಆದ್ಮೇಲೆ ದೂರು. ಮೊದ್ಲು ಇಒಗೆ, ಆಮೇಲೆ ಜಿಲ್ಲಾ ಪಂಚಾಯ್ತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ಲೋಕಾಯುಕ್ತಕ್ಕೆ ಹೋಗೋದಾದ್ರೆ ಪ್ರಪತ್ರ 1ರಲ್ಲಿ ದೂರು, ಪ್ರಪತ್ರ 2ರಲ್ಲಿ ಪ್ರಮಾಣಪತ್ರ, ದಾಖಲೆ ನಕಲು ಜೊತೆಗೆ. ದಾಖಲೆ ಇಲ್ಲದೆ ಬರೀ ಸಿಟ್ಟು ಕಳಿಸಬೇಡಿ.

ಒಬ್ಬರೇ ಹೋಗಬೇಡಿ. ನಾಲ್ಕೈದು ಜನ ಇರಲಿ, ಬೇರೆ ಬೇರೆ ಪಾರ್ಟಿಯೋರು, ಬೇರೆ ಬೇರೆ ಬೀದಿಯೋರು, ಇಲ್ಲಾಂದ್ರೆ ಸೋತ ಅಭ್ಯರ್ಥಿ ಕಡೆಯೋರು ಅಂತ ಒಂದೇ ಮಾತಲ್ಲಿ ತಳ್ಳಿಹಾಕ್ತಾರೆ. ನಮ್ಮ ಜೊತೆ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋ ಅಕ್ಕ ಒಬ್ರು ಬಂದ್ರು, ಕ್ಯಾಶ್ ಬುಕ್ ಓದೋದ್ರಲ್ಲಿ ಆಯಮ್ಮನ ಮುಂದೆ ನಾವ್ಯಾರೂ ಇಲ್ಲ, ಒಂದು ಪುಟದ ಕೂಡೋ ಲೆಕ್ಕ ತಪ್ಪಿರೋದನ್ನ ನಿಂತ್ಕೊಂಡೇ ಹಿಡಿದ್ರು.

ನಮ್ಮ ಐದು ವೋಚರ್ ತನಿಖೆ ಇನ್ನೂ ಮುಗಿದಿಲ್ಲ. ಕಂದಾಯ ವಾಪಸ್ ಕಮ್ಮಿ ಆಗಿಲ್ಲ, ಆದ್ರೆ ದೊಡ್ಡ ಬಾಕಿದಾರರಿಗೆ ನೋಟಿಸ್ ಹೋಯ್ತು, ಇಬ್ಬರು ಕಟ್ಟಿದ್ರು ಅಂತ ಬಿಲ್ ಕಲೆಕ್ಟರೇ ಬಂದು ಹೇಳ್ದ. ಗುಡಿ ಹಿಂದಿನ ಬೋರಿನ ಹೆಸರಲ್ಲಿ ಆಮೇಲೆ ಒಂದು ಬಿಲ್ಲೂ ಬಂದಿಲ್ಲ. ಕಲ್ಲಿನ ಮೇಲೆ ಬಟ್ಟೆ ಈಗ್ಲೂ ಒಣಗಾಕ್ತಾರೆ.