ನೇರಳೆ ಡಬ್ಬಿಗೆ ಜಪಾನಿನ ಆಟ ತಿನ್ನಿಸಿದ ಕಥೆ

ಗೇಮ್‌ಕ್ಯೂಬ್ ನೆನಪಿದೆಯಲ್ವಾ? ಜಪಾನಿನ ನಿಂಟೆಂಡೊ ಕಂಪನಿಯವರ ಚೌಕಾಕಾರದ ವಿಡಿಯೋ ಗೇಮ್ ಯಂತ್ರ, ಹಿಂದೆ ಒಂದು ಹಿಡಿ, ನೋಡೋಕೆ ಥೇಟ್ ಮಕ್ಕಳ ತಿಂಡಿ ಡಬ್ಬಿ. ಜಪಾನಿನಲ್ಲಿ 2001ರ ಸೆಪ್ಟೆಂಬರ್‌ನಲ್ಲಿ ಬಂತು, ಅಮೆರಿಕಕ್ಕೆ ಅದೇ ವರ್ಷ ನವೆಂಬರ್‌ನಲ್ಲಿ. ನಾನು ಕೊಂಡಿದ್ದು 2003ರಲ್ಲಿ, ನೇರಳೆ ಬಣ್ಣದ್ದು. ಆಗ ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಇದ್ದೆವು. ಅದೇ ಯಂತ್ರ ಇವತ್ತೂ ಬೆಂಗಳೂರಿನ ಮನೆಯಲ್ಲಿ ಟಿವಿ ಕೆಳಗೆ ಕೂತಿದೆ. ಅದರ ಪಕ್ಕೆಯಲ್ಲಿ ಒಂದು ಪುಟ್ಟ ಸ್ವಿಚ್ಚಿದೆ. ಅಂಗಡಿಯಿಂದ ತಂದಾಗ ಅದು ಇರಲಿಲ್ಲ. ಯಾಕೆ ಬಂತು ಅನ್ನೋದನ್ನ ಹೇಳುತ್ತೇನೆ.

2005ರಲ್ಲಿ ಆಫೀಸಿನವರು ಮೂರು ತಿಂಗಳು ಟೋಕಿಯೊಗೆ ಕಳಿಸಿದರು. ಶನಿವಾರ ಬಂತು ಅಂದರೆ ನಾನು ಅಕಿಹಬರದಲ್ಲಿ. ಅಲ್ಲಿ ಹಳೆ ಆಟ ಮಾರುವ ಅಂಗಡಿಗಳು ಒಂದರ ಮೇಲೊಂದು ಮಹಡಿ ಇರುತ್ತವೆ, ಮೆಟ್ಟಿಲು ಎಷ್ಟು ಕಿರಿದು ಅಂದರೆ ಎದುರಿಗೆ ಯಾರಾದರೂ ಇಳಿದು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಎರಡು ಆಟ ತಂದೆ. ಒಂದು ಕುರುರಿನ್ ಸ್ಕ್ವಾಶ್, 2004ರದ್ದು. ಇನ್ನೊಂದು ಗಿಫ್ಟ್‌ಪಿಯಾ, 2003ರದ್ದು. ಎರಡೂ ಜಪಾನ್ ಬಿಟ್ಟು ಬೇರೆ ಎಲ್ಲೂ ಬರಲೇ ಇಲ್ಲ. ಕುರುರಿನ್‌ನಲ್ಲಿ ತನ್ನಷ್ಟಕ್ಕೆ ತಾನೇ ಗಿರಗಿರ ತಿರುಗುವ ಒಂದು ಉದ್ದನೆ ಕೋಲು, ಅದನ್ನ ಗೋಡೆಗೆ ತಾಗದ ಹಾಗೆ ಇಕ್ಕಟ್ಟಾದ ಓಣಿಯಲ್ಲಿ ದಾಟಿಸಬೇಕು, ಅಷ್ಟೇ ಆಟ. ಹೆಗಲ ಮೇಲೆ ಏಣಿ ಹೊತ್ತು ಚಿಕ್ಕಪೇಟೆ ಗಲ್ಲಿಯಲ್ಲಿ ಹೋದ ಹಾಗೆ.

ಸನಿವೇಲ್‌ಗೆ ವಾಪಸ್ ಬಂದು ಡಿಸ್ಕ್ ಹಾಕಿದೆ. ಅದೇ 8 ಸೆಂಟಿಮೀಟರ್ ಪುಟಾಣಿ ಡಿಸ್ಕು, ಸರಿಯಾಗಿ ಕೂತಿತು, ತಿರುಗಿತು, ಆದರೆ ಆಟ ಮಾತ್ರ ಶುರು ಆಗಲಿಲ್ಲ. ಇಲ್ಲಿಯವನಲ್ಲ, ಹೋಗಾಚೆ ಅಂತ ಬಾಗಿಲಲ್ಲೇ ನಿಲ್ಲಿಸಿತು.

ಒಳಗೆ ಏನಾಗುತ್ತದೆ ಅಂದರೆ, ಪ್ರತಿ ಡಿಸ್ಕಿನಲ್ಲೂ ಯಾವ ಪ್ರದೇಶದ್ದು ಅನ್ನೋ ಗುರುತು ಇರುತ್ತದೆ. ಯಂತ್ರಕ್ಕೂ ತಾನು ಯಾವ ಪ್ರದೇಶದ್ದು ಅಂತ ಗೊತ್ತು. ಎರಡೂ ತಾಳೆಯಾಗದಿದ್ದರೆ ಆಟ ಇಲ್ಲ. ತಮಾಷೆ ಏನು ಗೊತ್ತಾ, ಜಪಾನಿನ ಗೇಮ್‌ಕ್ಯೂಬಿಗೂ ಅಮೆರಿಕದ್ದಕ್ಕೂ ಒಳಗೆ ಹೆಚ್ಚುಕಡಿಮೆ ಏನೂ ವ್ಯತ್ಯಾಸ ಇಲ್ಲ. ಆಗ ಎರಡೂ ದೇಶದ ಟಿವಿ ಎನ್‌ಟಿಎಸ್‌ಸಿ ಅನ್ನೋ ಪದ್ಧತಿಯದು, ಪರದೆ ಮೇಲಿನ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಯುರೋಪಿನದಾದರೆ ಪಾಲ್ ಅನ್ನೋ ಬೇರೆ ಪದ್ಧತಿ, 50 ಸಲ, ಅಲ್ಲಿ ಒಂದು ಕಾರಣ ಆದರೂ ಇದೆ ಅನ್ನಬಹುದು. ಇಲ್ಲಿ ಅದೂ ಇಲ್ಲ. ಯಾವ ದೇಶದಲ್ಲಿ ಯಾವಾಗ ಬಿಡುಗಡೆ, ಎಷ್ಟು ಬೆಲೆ, ಯಾರು ಮಾರಬೇಕು, ಇದೆಲ್ಲ ಕಂಪನಿಯ ಕೈಯಲ್ಲೇ ಇರಲಿ ಅಂತ ಹಾಕಿದ ಬೇಲಿ ಅದು. ಅವರ ಲೆಕ್ಕ ಅವರಿಗೆ. ನಾನು ದುಡ್ಡು ಕೊಟ್ಟು ಕೊಂಡ ಆಟ, ದುಡ್ಡು ಕೊಟ್ಟು ಕೊಂಡ ಯಂತ್ರ, ಎರಡನ್ನೂ ಸೇರಿಸೋಕೆ ನನಗೆ ಯಾವ ಮುಜುಗರವೂ ಆಗಲಿಲ್ಲ.

ಇದಕ್ಕೂ ಮೊದಲು ಒಂದು ಸುಲಭದ ಬೀಗ ಮುರಿದು ನನಗೆ ಧೈರ್ಯ ಬಂದಿತ್ತು. ಪಕ್ಕದ ಬೀದಿಯಲ್ಲಿ ಯಾರೋ ಮನೆ ಮುಂದೆ ಹಳೆ ಸಾಮಾನು ಹರಡಿ ಮಾರುತ್ತಿದ್ದರು, ಅಲ್ಲಿ ನಿಂಟೆಂಡೊದವರ ಇನ್ನೂ ಹಳೆ ಯಂತ್ರ, ಅಮೆರಿಕದ ಸೂಪರ್ ನಿಂಟೆಂಡೊ ಸಿಕ್ಕಿತ್ತು. ಅದೇ ಯಂತ್ರಕ್ಕೆ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಅಂತ ಹೆಸರು. ಅಲ್ಲಿಯ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪ್ಲಾಸ್ಟಿಕ್ ಬಿಲ್ಲೆ, ಇದಕ್ಕೆ ಹಾಕೋಕೆ ಹೋದರೆ ಇಳಿಯೋದೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಸ್ಲಾಟಿನ ಒಳಗೆ ಎರಡು ಪ್ಲಾಸ್ಟಿಕ್ ಮೊಳೆ ಥರದ್ದು ಎದ್ದು ನಿಂತಿವೆ. ಅಮೆರಿಕದ ಕಾರ್ಟ್ರಿಜ್ಜಿನ ಹಿಂಬದಿಯಲ್ಲಿ ಅವಕ್ಕೆ ಸರಿಯಾಗಿ ಎರಡು ಸೀಳು ಇರುತ್ತವೆ, ಜಪಾನಿನದರಲ್ಲಿ ಇರಲ್ಲ. ಒಳಗಿನ ಚಿಪ್ಪಿಗೆ ಯಾವ ತಕರಾರೂ ಇಲ್ಲ. ಬೀಗ ಅಂದರೆ ಆ ಎರಡು ಪ್ಲಾಸ್ಟಿಕ್ ತುಂಡು ಅಷ್ಟೇ! ಮೂತಿ ಚೂಪಾದ ಇಕ್ಕಳದಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿದೆ, ಟಕ್ ಅಂತ ಬಂತು. ಎರಡು ನಿಮಿಷದ ಕೆಲಸ.

ಗೇಮ್‌ಕ್ಯೂಬ್ ಅಷ್ಟು ಸಲೀಸಾಗಿ ಬಗ್ಗಲಿಲ್ಲ.

ಮೊದಲು ಫ್ರೀಲೋಡರ್ ತರಿಸಿದೆ. ಇದು ಡೇಟೆಲ್ ಅನ್ನೋ ಕಂಪನಿಯವರ ಡಿಸ್ಕು. ಮೊದಲು ಅದನ್ನ ಹಾಕಿ ಯಂತ್ರ ಆನ್ ಮಾಡಬೇಕು, ಅದು ಶುರುವಾದ ಮೇಲೆ ಮುಚ್ಚಳ ತೆಗೆದು ಜಪಾನಿನ ಡಿಸ್ಕ್ ಇಟ್ಟು ಮುಚ್ಚಿ ಗುಂಡಿ ಒತ್ತಬೇಕು. ಬಾಗಿಲಲ್ಲಿ ಗೇಟ್‌ಮ್ಯಾನ್ ಜೊತೆ ಮಾತಾಡಿಕೊಂಡು ನಿಂತು, ಹಿಂದಿನಿಂದ ಸ್ನೇಹಿತನನ್ನ ಒಳಗೆ ಬಿಟ್ಟ ಹಾಗೆ. ಕುರುರಿನ್ ಮೊದಲ ಸಲ ಪರದೆ ಮೇಲೆ ಬಂದಾಗ ನಾನೂ ಮಗನೂ ಕೂಗಿದ ಕೂಗಿಗೆ ಕೆಳಗಿನ ಮನೆಯವರು ಸೂರಿಗೆ ಕೋಲಿನಲ್ಲಿ ಬಡಿದರು. ನಿಮಗೆ ಬೆಸುಗೆ ಹಾಕೋಕೆ ಬರದಿದ್ದರೆ ಇಷ್ಟಕ್ಕೇ ನಿಲ್ಲಿಸಿ, ಸಾಕು. ನನಗೆ ಬೇಜಾರಾಗಿದ್ದು ದಿನಾ ಡಿಸ್ಕ್ ಬದಲಿಸೋದಕ್ಕೆ. ಮಗನಿಗೆ ಆಗ ಐದು ವರ್ಷ, ಅವನು ಎಳೆದಾಡಿದ್ದಕ್ಕೆ ಫ್ರೀಲೋಡರ್ ಮೇಲೆ ಗೀರು ಬೀಳೋಕೆ ಶುರು ಆಯ್ತು. ಅದೊಂದು ಹೋದರೆ ಎಲ್ಲಾ ಆಟವೂ ಹೋದ ಹಾಗೆ.

ಹಾಗಾಗಿ ಯಂತ್ರ ಬಿಚ್ಚಲೇಬೇಕು ಅಂತ ತೀರ್ಮಾನ ಮಾಡಿದೆ.

ಬಿಚ್ಚೋದೇ ಮೊದಲನೇ ತಲೆನೋವು. ತಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ, ಆಳವಾದ ತೂತಿನಲ್ಲಿ ಕೂತಿವೆ. ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯಲ್ಲ. 4.5 ಎಂಎಂ ಗೇಮ್‌ಬಿಟ್ ಅಂತ ಬೇರೆಯೇ ಬರುತ್ತದೆ, ಅದರ ಬಾಯಿ ಸ್ಕ್ರೂ ತಲೆಯ ಹೊರಗಡೆಯಿಂದ ಕಚ್ಚುತ್ತದೆ. ಅದು ಬರೋಕೆ ಹತ್ತು ದಿನ ಆಗುತ್ತೆ ಅಂದರು. ಹತ್ತು ದಿನ ಯಾರು ಕಾಯುತ್ತಾರೆ? ಮೈಸೂರಿನಿಂದ ಬರುವಾಗ ತಂದಿದ್ದ ರೆನಾಲ್ಡ್ಸ್ ಪೆನ್ನಿನ ರೀಫಿಲ್ ತೆಗೆದು, ಅದರ ತುದಿಯನ್ನ ಮೋಂಬತ್ತಿಗೆ ಹಿಡಿದು ಮೆತ್ತಗಾದ ಕೂಡಲೇ ಸ್ಕ್ರೂ ಮೇಲೆ ಒತ್ತಿದೆ. ಎರಡು ನಿಮಿಷ ಆರೋಕೆ ಬಿಟ್ಟೆ. ಸ್ಕ್ರೂ ತಲೆಯ ಅಚ್ಚು ಪ್ಲಾಸ್ಟಿಕ್ಕಿನಲ್ಲಿ ಮೂಡಿ ಪೆನ್ನೇ ಸ್ಕ್ರೂಡ್ರೈವರ್ ಆಯ್ತು! ಎರಡು ಸ್ಕ್ರೂ ಚೆನ್ನಾಗಿ ಬಂದವು. ಮೂರನೆಯದಕ್ಕೆ ಪೆನ್ನು ಜಿಲೇಬಿ ಥರ ತಿರುಚಿಕೊಂಡಿತು. ಕೊನೆಗೆ ಹತ್ತು ದಿನ ಕಾದೆ.

ಹೆಂಡತಿ ಬಂದು ನೋಡಿದಳು. ಮೇಜಿನ ಮೇಲೆ ಯಂತ್ರದ ಕರುಳೆಲ್ಲ ಹರಡಿತ್ತು.

"ಏನ್ರೀ ಇದು, ಚೆನ್ನಾಗಿ ಓಡ್ತಿದ್ದಿದ್ದನ್ನ ಯಾಕ್ರೀ ಬಿಚ್ಚಿದ್ರಿ?"

"ಒಂದೇ ಒಂದು ಸ್ವಿಚ್ಚು ಹಾಕ್ತೀನಿ ಕಣೇ."

"ಕಳೆದ ಸಲ ಮಿಕ್ಸಿಗೂ ಹಿಂಗೇ ಅಂದಿದ್ರಿ."

ಬಿಚ್ಚುವ ಕ್ರಮ ಇಷ್ಟು. ಮೇಲಿನ ಕವಚ ತೆಗೆದರೆ ಮುಂದೆ ಕಂಟ್ರೋಲರ್ ಚುಚ್ಚುವ ಭಾಗ, ಹಿಂದೆ ಫ್ಯಾನು. ಮುಂದಿನ ಭಾಗಕ್ಕೆ ಒಂದು ರಿಬ್ಬನ್ ತಂತಿ ಇದೆ, ಜೋರಾಗಿ ಎಳೆಯಬೇಡಿ. ಆಮೇಲೆ ಡಿಸ್ಕ್ ಡ್ರೈವ್ ಸುತ್ತ ಸಾಲಾಗಿ ಸ್ಕ್ರೂಗಳು, ಇವು ಮಾಮೂಲಿ ಸ್ಟಾರ್ ಸ್ಕ್ರೂ. ಎಲ್ಲಾ ತೆಗೆದು ಡ್ರೈವನ್ನ ನೆಟ್ಟಗೆ ಮೇಲಕ್ಕೆ ಎತ್ತಿದರೆ ಕೆಳಗೆ ಮದರ್‌ಬೋರ್ಡ್. ನಾನು ತೆಗೆದ ಸ್ಕ್ರೂಗಳನ್ನ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಹಾಕಿಟ್ಟೆ, ಒಂದೊಂದು ಹಂತಕ್ಕೆ ಒಂದೊಂದು ಕುಳಿ. ಇದಕ್ಕಿಂತ ಒಳ್ಳೆ ಉಪಾಯ ನನಗೆ ಇವತ್ತಿಗೂ ಸಿಕ್ಕಿಲ್ಲ.

ಬೋರ್ಡಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಎರಡು ಚುಕ್ಕೆ ಇವೆ. ಅವೆರಡು ಸೇರಿದ್ದರೆ ಒಂದು ದೇಶ, ಬಿಟ್ಟಿದ್ದರೆ ಇನ್ನೊಂದು ದೇಶ. ನಂಬಿ, ಇಡೀ ಬೀಗ ಅಷ್ಟೇ. ಎರಡಕ್ಕೂ ಕೂದಲೆಳೆಯಂಥ ತಂತಿ ಬೆಸೆದು, ಆ ತಂತಿಗಳನ್ನ ಒಂದು ಸ್ಲೈಡ್ ಸ್ವಿಚ್ಚಿಗೆ ಕೊಟ್ಟರೆ ಬೇಕಾದಾಗ ಬೇಕಾದ ದೇಶ. ಹೇಳೋಕೆ ಸುಲಭ. ನನ್ನ ಸೋಲ್ಡರಿಂಗ್ ಐರನ್ನಿನ ತುದಿ ದಪ್ಪ ಇತ್ತು, ಮೊದಲ ಸಲ ಸೀಸ ಪಕ್ಕದ ಬಿಂದುವಿಗೂ ಹರಿದು ಕೂತಿತು. ಅದನ್ನ ತಾಮ್ರದ ಜಾಲರಿ ಪಟ್ಟಿಯಲ್ಲಿ ಹೀರಿ ತೆಗೆಯೋಕೆ ಅರ್ಧ ಗಂಟೆ, ಕೈ ನಡುಗೋದು ನಿಲ್ಲೋಕೆ ಇನ್ನರ್ಧ ಗಂಟೆ. ಎರಡನೇ ಸಲ ಹೊಸ ಸಣ್ಣ ತುದಿ ಹಾಕಿ, ತಂತಿಗೆ ಮೊದಲೇ ಸೀಸ ಮೆತ್ತಿಟ್ಟುಕೊಂಡು, ಒಂದು ಸೆಕೆಂಡ್ ಮುಟ್ಟಿಸಿ ತೆಗೆದೆ. ಕೂತಿತು. ತಂತಿ ಎಳೆದಾಡದ ಹಾಗೆ ಮೇಲೊಂದು ಹನಿ ಬಿಸಿ ಅಂಟು.

ಆನ್ ಮಾಡಿದರೆ ಮೆನುವೆಲ್ಲ ಜಪಾನಿ ಭಾಷೆಯಲ್ಲಿ! ಎರಡೂ ದೇಶದ ಮೆನು ಮೊದಲಿಂದಲೂ ಅದರೊಳಗೇ ಇತ್ತು, ಸ್ವಿಚ್ಚಿಗಾಗಿ ಕಾಯುತ್ತಾ ಕೂತಿತ್ತು. ನನಗೆ ಸಿಟ್ಟು ಬಂದಿದ್ದೂ ಆಗಲೇ. ಒಂದು ವಿಷಯ, ಯಂತ್ರ ಸ್ವಿಚ್ ಯಾವ ಕಡೆ ಇದೆ ಅಂತ ನೋಡೋದು ಶುರುವಿನಲ್ಲಿ, ಆದ್ದರಿಂದ ಆಫ್ ಮಾಡಿಯೇ ಬದಲಿಸಿ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಹೆಂಡತಿ ಆಡುತ್ತಿದ್ದಿದ್ದು ಒಂದೇ ಆಟ, ಅನಿಮಲ್ ಕ್ರಾಸಿಂಗ್. ಊರಿಗೆ ಊರೇ ಉಳಿಸಿಕೊಳ್ಳುವ ಆಟ ಅದು. ಅದರ ಜೊತೆಗೇ ಬರುವ ಬೂದು ಮೆಮೊರಿ ಕಾರ್ಡಿನಲ್ಲಿ 59 ಬ್ಲಾಕ್ ಜಾಗ ಇದ್ದರೆ, ಅದರಲ್ಲಿ 57 ಊರಿಗೇ ಬೇಕು. ಎರಡು ವರ್ಷ ಗಿಡ ನೆಟ್ಟು, ಸಾಲ ತೀರಿಸಿ, ಊರಿಗೆ ತನ್ನ ತವರಿನ ಹೆಸರಿಟ್ಟಿದ್ದಳು. ಆ ಕಾರ್ಡು ಯಂತ್ರದಲ್ಲೇ ಇತ್ತು. ನಾನು ಸ್ವಿಚ್ಚನ್ನ ಜಪಾನಿಗೆ ತಳ್ಳಿ ಕುರುರಿನ್ ಹಾಕಿದೆ. ಏನೋ ಒಂದು ಪ್ರಶ್ನೆ ಬಂತು, ಕೆಳಗೆ ಎರಡು ಉತ್ತರ. ಒಂದು "ಹೈ", ಅಂದರೆ ಹೌದು. ಟೋಕಿಯೊದಲ್ಲಿ ಮೂರು ತಿಂಗಳು ಎಲ್ಲರೂ ಹೈ ಹೈ ಅನ್ನೋದನ್ನ ಕೇಳಿ ಅದೊಂದನ್ನ ಓದೋಕೆ ಕಲಿತಿದ್ದೆ. ಗೊತ್ತಿರೋದನ್ನೇ ಒತ್ತಿದೆ.

ಅದು ಕೇಳಿದ್ದು, ಈ ಕಾರ್ಡನ್ನ ಫಾರ್ಮ್ಯಾಟ್ ಮಾಡಲಾ, ಅಂದರೆ ಪೂರ್ತಿ ಅಳಿಸಲಾ ಅಂತ.

ಆಗಿದ್ದಿಷ್ಟು. ಜಪಾನಿನ ಯಂತ್ರ ಕಾರ್ಡಿನಲ್ಲಿ ಅಕ್ಷರಗಳನ್ನ ಬರೆಯುವ ಪದ್ಧತಿಯೇ ಬೇರೆ, ಅಮೆರಿಕದ್ದು ಬೇರೆ. ಸ್ವಿಚ್ ಬದಲಿಸಿದ ಕೂಡಲೇ ಚೆನ್ನಾಗಿರೋ ಕಾರ್ಡು ಕೂಡ ಅದರ ಕಣ್ಣಿಗೆ ಕೆಟ್ಟ ಕಾರ್ಡು. ಬೇಡ ಅಂದು ಸ್ವಿಚ್ ವಾಪಸ್ ತಳ್ಳಿದ್ದರೆ ಊರು ಹಾಗೇ ಇರುತ್ತಿತ್ತು. ನಾನು ಹೌದು ಅಂದುಬಿಟ್ಟೆ. ಆ ವಾರ ಮನೆಯಲ್ಲಿ ಸಾರಿಗೆ ಉಪ್ಪು ಸರಿಯಾಗಿ ಬೀಳಲಿಲ್ಲ ಅಂತ ಮಾತ್ರ ಹೇಳುತ್ತೇನೆ. ಆಮೇಲೆ ಕೂತು ಆ ಪ್ರಶ್ನೆಯಲ್ಲಿನ ಅಕ್ಷರಗಳನ್ನ ಒಂದೊಂದಾಗಿ ಕಲಿತೆ. "ಫೋಮತ್ತೊ", ಅಂದರೆ ಫಾರ್ಮ್ಯಾಟ್. ಜಪಾನಿಯಲ್ಲಿ ನಾನು ಪೂರ್ತಿ ಓದಿದ ಮೊದಲ ಉದ್ದನೆ ಪದ ಅದು. ನೀವು ಸ್ವಿಚ್ ಹಾಕೋದಾದರೆ ಸ್ವಿಚ್ಚಿಗಿಂತ ಮೊದಲು ಎರಡನೇ ಮೆಮೊರಿ ಕಾರ್ಡ್ ಕೊಳ್ಳಿ, ಜಪಾನಿನ ಆಟಕ್ಕೆ ಬೇರೆ ಬಣ್ಣದ್ದು.

ಬೀಗ ತೆಗೆದ ಮೇಲೂ ಇನ್ನೊಂದು ಉಳಿದಿತ್ತು ಅಂತ ಗೊತ್ತಾಗಿದ್ದು ಗಿಫ್ಟ್‌ಪಿಯಾ ಹಾಕಿದಾಗ. ಅದರಲ್ಲಿ ಒಬ್ಬ ಹುಡುಗ, ದೊಡ್ಡವನಾದ ಅಂತ ಊರವರು ಮಾಡುವ ಸಮಾರಂಭಕ್ಕೇ ಎದ್ದು ಹೋಗದೆ ಮಲಗಿಬಿಡುತ್ತಾನೆ. ಖರ್ಚೆಲ್ಲ ದಂಡ, 50 ಲಕ್ಷ ತೀರಿಸು ಅಂತಾರೆ. ಬಹಳ ಚೆಂದದ ಕಥೆ, ಆದರೆ ಮಾತು, ಮಾತು, ಬರೀ ಮಾತು. ಯಾರು ಏನು ಕೆಲಸ ಹೇಳಿದರು ಅಂತ ಗೊತ್ತಾಗದೆ ನಾನು ಆ ದ್ವೀಪದಲ್ಲಿ ಸುಮ್ನೆ ಅಲೆದಾಡಿದೆ. ಬೆಸುಗೆಯಿಂದ ಇದಕ್ಕೆ ಪರಿಹಾರ ಇಲ್ಲ. ಹೊಸದಾಗಿ ಜಪಾನಿನ ಆಟ ಕೊಳ್ಳೋರಿಗೆ ನಾನು ಹೇಳೋದು, ಕಾರು, ಹೊಡೆದಾಟ, ಒಗಟು, ಇಂಥದ್ದರಿಂದ ಶುರು ಮಾಡಿ. ಕುರುರಿನ್‌ಗೆ ಒಂದಕ್ಷರವೂ ಬೇಡ. ಐದು ವರ್ಷದ ನನ್ನ ಮಗ ನನಗಿಂತ ಮುಂದೆ ಹೋದ.

2008ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆವು. ಗೇಮ್‌ಕ್ಯೂಬಿನ ಅಮೆರಿಕದ ಅಡಾಪ್ಟರ್ 120 ವೋಲ್ಟಿನದು, ನಮ್ಮ ಗೋಡೆಯಲ್ಲಿ 230. ನೇರ ಚುಚ್ಚಿದರೆ ಹೊಗೆ ಗ್ಯಾರಂಟಿ. ಎಸ್.ಪಿ. ರೋಡಿಗೆ ಹೋಗಿ 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡೆ. ಯಂತ್ರಕ್ಕೆ ಕೊನೆಗೆ ಬೇಕಿರೋದು 12 ವೋಲ್ಟ್ ಡಿಸಿ, 3.25 ಆಂಪಿಯರ್, ಅಷ್ಟೇ. ಟ್ರಾನ್ಸ್‌ಫಾರ್ಮರ್ ಇಟ್ಟಿಗೆಯಷ್ಟು ಭಾರ, ಗುಂಯ್ ಅಂತ ಸದ್ದು ಬೇರೆ, ಆದರೂ ಇವತ್ತಿನವರೆಗೆ ಕೈ ಕೊಟ್ಟಿಲ್ಲ.

ಮೈಸೂರಿನಲ್ಲಿ ಅಪ್ಪನ ಮನೆಯ ಹಳೆ ಟಿವಿಗೆ ಹಾಕಿದಾಗ ಇನ್ನೊಂದು ಮಜಾ. ಆಟ ಬಂತು, ಬಣ್ಣ ಬರಲಿಲ್ಲ. ಎಲ್ಲಾ ಕಪ್ಪು ಬಿಳುಪು.

"ಲೋ, ಟಿವಿ ಕೆಡಿಸಿಬಿಟ್ಯೇನೋ?" ಅಂದರು ಅಪ್ಪ.

"ಇಲ್ಲಪ್ಪ, ಇದು ಪಾಲ್ ಟಿವಿ, ಆಟ ಎನ್‌ಟಿಎಸ್‌ಸಿ."

"ಯಾವ ಪಾಲೋ. ಏಳು ಗಂಟೆಗೆ ವಾರ್ತೆ ಇದೆ, ಅಷ್ಟರಲ್ಲಿ ತೆಗಿ."

ನಮ್ಮ ಕಡೆ ಆಗ ಪ್ರಸಾರವೆಲ್ಲ ಪಾಲ್, ಹಳೆ ಟಿವಿಗಳಿಗೆ ಎನ್‌ಟಿಎಸ್‌ಸಿ ಬಣ್ಣ ಅರ್ಥ ಆಗುತ್ತಿರಲಿಲ್ಲ. ಆಮೇಲಿನ ಟಿವಿಗಳು ಎರಡನ್ನೂ ತೋರಿಸುತ್ತವೆ, ಬೆಂಗಳೂರಿನ ಮನೆಯದಕ್ಕೆ ತೊಂದರೆ ಇಲ್ಲ.

ಮಗನಿಗೆ ಈಗ ಇದೆಲ್ಲ ಪುರಾಣ. 2017ರಲ್ಲಿ ಬಂದ ಸ್ವಿಚ್‌ನಲ್ಲಿ, ಅಂದರೆ ನಿಂಟೆಂಡೊ ಸ್ವಿಚ್‌ನಲ್ಲಿ, ಹೆಚ್ಚುಕಡಿಮೆ ಯಾವ ದೇಶದ ಕಾರ್ಟ್ರಿಜ್ ಹಾಕಿದರೂ ಓಡುತ್ತದೆ. ಬೇಲಿ ಹೋಯ್ತು ಅಂದುಕೊಂಡಿದ್ದೆ. 2025ರಲ್ಲಿ ಸ್ವಿಚ್ 2 ಬಂದಾಗ ಜಪಾನಿಗೆ ಅಂತಲೇ 49,980 ಯೆನ್ನಿನ ಅಗ್ಗದ ಯಂತ್ರ ಬಿಟ್ಟರು, ಅದರಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಇಲ್ಲ, ಖಾತೆಯೂ ಜಪಾನಿನದೇ ಆಗಬೇಕು. ಎಲ್ಲಾ ಭಾಷೆಯದಕ್ಕೆ ಆಗ 69,980. ಟೋಕಿಯೊಗೆ ಹೋಗಿಬರೋ ಗೆಳೆಯರು ಕಡಿಮೆ ಬೆಲೆ ನೋಡಿ ತರೋದಾ ಅಂತ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಅದಕ್ಕೆ ಸಾಸಿವೆ ಕಾಳಿನಷ್ಟು ಚುಕ್ಕೆ ಹುಡುಕಿ ತಂತಿ ಬೆಸೆಯೋಕೆ ಆಗಲ್ಲ.

ನಮ್ಮ ನೇರಳೆ ಡಬ್ಬಿ ಇತ್ತೀಚೆಗೆ ಆನ್ ಮಾಡಿದಾಗಲೆಲ್ಲ ತಾರೀಖು ಕೇಳುತ್ತಿದೆ. ಗಡಿಯಾರದ ಬ್ಯಾಟರಿ ಮುಗಿದಿದೆ, ಕಂಟ್ರೋಲರ್ ಭಾಗದ ಹಿಂದಿನ ಪುಟ್ಟ ಬೋರ್ಡಿಗೆ ಅದನ್ನ ಬೆಸೆದುಬಿಟ್ಟಿದ್ದಾರೆ. ಮತ್ತೆ ಬಿಚ್ಚಬೇಕು. ಹೆಂಡತಿಯನ್ನ ಇಡ್ಲಿ ತಟ್ಟೆ ಕೇಳಿದ್ದೇನೆ. ಮೊದಲು ಮೆಮೊರಿ ಕಾರ್ಡ್ ತೆಗೆದು ನನ್ನ ಕೈಗೆ ಕೊಡಿ, ಆಮೇಲೆ ತಟ್ಟೆ ಅಂದಿದ್ದಾಳೆ.