ಹನಿ ಬೀಳದ ಕೂಲಂಟ್ ಲೀಕ್

ಎರಡು ವಾರದಲ್ಲಿ ನಮ್ಮ ಕಾರಿನ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ಬಣ್ಣದ ದ್ರವ, ಟ್ಯಾಂಕಿನಲ್ಲಿ ಎರಡು ಬೆರಳಷ್ಟು ಕಡಿಮೆಯಾಗಿತ್ತು. ಬೆಂಗಳೂರಿನ ವಿಜಯನಗರದ ನಮ್ಮ ಮನೆ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಇರಲಿಲ್ಲ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟೆ. ಬೆಳಗ್ಗೆ ನೋಡಿದರೆ ಅದೂ ಒಣಗಿಕೊಂಡೇ ಇತ್ತು.

ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್‌ನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್, ಹೋಗಿದೆಯಾ ಅಂತ ಭಯವಾಯಿತು. ಅದು ಹೋದರೆ ಕೂಲಂಟ್ ಇಂಜಿನ್ ಒಳಗೇ ಸೇರುತ್ತದೆ, ಹೊರಗೆ ಗುರುತು ಸಿಗುವುದಿಲ್ಲ. ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆ. ಹಾಲು ಕಾಫಿ ಬಣ್ಣದ ಜಿಡ್ಡು ಇರಲಿಲ್ಲ. ಇಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್‌ನಿಂದ ಬಿಳಿ ಹೊಗೆಯೂ ಬರಲಿಲ್ಲ. ಅರ್ಧ ಜೀವ ಬಂತು.

ಆಮೇಲೆ ಕೂತು ಯೋಚಿಸಿದೆ. ಸಣ್ಣ ಲೀಕ್ ಇಂಜಿನ್ ತಣ್ಣಗಿದ್ದಾಗ ಸುಮ್ನೆ ಇರುತ್ತದೆ. ಬಿಸಿಯಾಗಿ ಒಳಗೆ ಒತ್ತಡ ಏರಿದಾಗ ಜಿನುಗುತ್ತದೆ. ಜಿನುಗಿದ್ದು ಬಿಸಿ ಲೋಹದ ಮೇಲೇ ಆರಿಹೋಗುತ್ತದೆ, ನೆಲ ಮುಟ್ಟುವುದೇ ಇಲ್ಲ. ಆದರೆ ನೀರು ಆರಿದರೂ ಬಣ್ಣ ಉಳಿಯುತ್ತದೆ ಅಲ್ವಾ? ಹನಿ ಹುಡುಕುವುದು ಬಿಟ್ಟು ಕಲೆ ಹುಡುಕಲು ಶುರು ಮಾಡಿದೆ.

ಟಾರ್ಚ್ ಮತ್ತು ಮುಖ ನೋಡುವ ಚಿಕ್ಕ ಕನ್ನಡಿ ಹಿಡಿದು ಒಂದೊಂದೇ ಜಾಯಿಂಟ್ ನೋಡಿದೆ. ರೇಡಿಯೇಟರ್‌ನ ಮೇಲಿನ ಹೋಸ್ (ರಬ್ಬರ್ ಪೈಪ್) ಇಂಜಿನ್ ಕಡೆಯ ಥರ್ಮೋಸ್ಟಾಟ್ ಹೌಸಿಂಗ್‌ಗೆ, ಅಂದರೆ ಕೂಲಂಟ್ ಹರಿವನ್ನು ನಿಯಂತ್ರಿಸುವ ವಾಲ್ವ್ ಕೂರುವ ಲೋಹದ ಕವಚಕ್ಕೆ, ಸೇರುವ ಕಡೆ, ಅಡಿಭಾಗದಲ್ಲಿ, ಬೋರ್‌ವೆಲ್ ನೀರಿನ ನಲ್ಲಿಗೆ ಕಟ್ಟುವಂಥ ಬಿಳಿ ಪುಡಿ ಕಟ್ಟಿತ್ತು. ಉಗುರಲ್ಲಿ ಕೆರೆದರೆ ಕೆಳಗೆ ಹಸಿರು. ಮೇಲಿನಿಂದ ಬಗ್ಗಿ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಆ ಜಾಗ ಒರೆಸಿ, ಟಿಶ್ಯೂ ಸುತ್ತಿ, ಬೆಲ್ಟಿಗೆ ತಾಗದ ಹಾಗೆ ದಾರ ಕಟ್ಟಿ ಕೆಂಗೇರಿವರೆಗೆ ಹೋಗಿ ಬಂದೆ. ಟಿಶ್ಯೂ ಮೇಲೆ ತೊಗರಿಬೇಳೆಯಷ್ಟು ಹಸಿರು ಚುಕ್ಕೆ ಬಿದ್ದಿತ್ತು.

ಮೊದಲು ಹೋಸನ್ನು ಹಿಡಿದಿಡುವ ಹಳೇ ಕ್ಲಿಪ್ಪನ್ನೇ ಬಿಗಿ ಮಾಡಿದೆ. ಎರಡು ದಿನ ನಿಂತು ಮತ್ತೆ ಜಿನುಗಿತು. ಹೋಸ್ ಬಿಚ್ಚಲೇಬೇಕಾಯಿತು.

ಈ ಕೆಲಸಕ್ಕೆ ಇಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಬೆಂಗಳೂರು ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಒಳಗೆ ಅದನ್ನು ಕುದಿಯದಂತೆ ಹಿಡಿದಿಡುವುದರಲ್ಲಿ ಮುಚ್ಚಳದ ಒತ್ತಡದ ಪಾಲು ದೊಡ್ಡದು. ಬಿಸಿಯಲ್ಲಿ ಮುಚ್ಚಳ ತಿರುಗಿಸಿದರೆ ಕುದಿಯುವ ಕೂಲಂಟ್ ಮುಖಕ್ಕೇ ಎರಚುತ್ತದೆ. ಇಳಿಸಿದ ಕೂಲಂಟನ್ನು ಟಬ್ಬಿನಲ್ಲಿ ಹಿಡಿದು ತಕ್ಷಣ ಮುಚ್ಚಿಟ್ಟೆ. ಅದರ ರುಚಿ ಸಿಹಿ. ಬೀದಿನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ದಯವಿಟ್ಟು ಚರಂಡಿಗೆ ಚೆಲ್ಲಬೇಡಿ.

ಹೋಸಿನ ತುದಿ ಚಪ್ಪಲಿ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಸರಿಯಾಗಿ ಕ್ಲಿಪ್ ಕೂರುವ ಕಡೆ ಕೂದಲೆಳೆಯ ಬಿರುಕು. ಹಳೇ ಹೋಸನ್ನೇ ಕೈಯಲ್ಲಿ ಹಿಡಿದು, ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ, ಪಕ್ಕದಲ್ಲಿಟ್ಟು ಅಳತೆ ನೋಡಿಯೇ ಹೊಸದು ತಂದೆ. ಹೋಸ್, ಎರಡು ಕ್ಲಿಪ್ ಸೇರಿ 540 ರೂಪಾಯಿ. ಲೀಕ್ ನಿಲ್ಲಿಸುವ ಪುಡಿ ಹಾಕಿದರೆ ಸಾಕು ಅಂದರು ಅಂಗಡಿಯವರು. ಲಾರಿ ಡ್ರೈವರ್‌ಗಳು ರೇಡಿಯೇಟರ್‌ಗೆ ಅರಿಶಿನ ಹಾಕುತ್ತಿದ್ದುದು ನಿಮಗೂ ಗೊತ್ತಿರಬಹುದು. ದಾರಿ ಮಧ್ಯೆ ಸಿಕ್ಕಿಬಿದ್ದಾಗ ಅದು ಸರಿ. ಮನೆಯಲ್ಲಿ ನಿಂತ ಕಾರಿಗೆ ನಾನಂತೂ ಹಾಕುವುದಿಲ್ಲ. ಬಿರುಕು ಮುಚ್ಚುವ ಪುಡಿ ರೇಡಿಯೇಟರ್‌ನ ಸಣ್ಣ ಕೊಳವೆಯನ್ನೂ ಮುಚ್ಚಬಹುದು.

ಹೌಸಿಂಗ್ ಬಾಯಿಗೆ ಅಂಟಿದ್ದ ಪುಡಿಯನ್ನು ನುಣುಪು ಎಮರಿ ಪೇಪರ್‌ನಿಂದ ತಿಕ್ಕಿ ತೆಗೆದೆ. ಇದನ್ನು ಬಿಟ್ಟರೆ ಹೊಸ ಹೋಸೂ ಜಿನುಗುತ್ತದೆ. ಬಾಯಿಯ ಅಂಚಿನಲ್ಲಿ ಒಂದು ಉಬ್ಬು ಇರುತ್ತದೆ. ಹೋಸ್ ಅದನ್ನು ದಾಟಿ ಕೂರಬೇಕು, ಕ್ಲಿಪ್ ಆ ಉಬ್ಬಿನ ಹಿಂದೆ ಬರಬೇಕು. ಜಾಸ್ತಿ ಬಿಗಿ ಮಾಡಿದರೆ ರಬ್ಬರ್ ಕತ್ತರಿಸುತ್ತದೆ.

ಹಳೇ ಬಣ್ಣದ, ಅದೇ ಬಗೆಯ ಕೂಲಂಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ನಿಧಾನವಾಗಿ ತುಂಬಿಸಿದೆ. ಮುಚ್ಚಳ ತೆಗೆದೇ ಇಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ಇಟ್ಟು, ಬಿಸಿಯಾಗುವ ಮೊದಲೇ ಹೋಸನ್ನು ಮೆಲ್ಲಗೆ ಒತ್ತಿದೆ. ಗಾಳಿಯ ಗುಳ್ಳೆಗಳು ಗುಳುಗುಳು ಅಂತ ಮೇಲೆ ಬಂದವು. ಮುಚ್ಚಳ ಹಾಕಿ, ಫ್ಯಾನ್ ತಿರುಗುವವರೆಗೆ ಓಡಿಸಿ ಆಫ್ ಮಾಡಿದೆ. ಬೆಳಗ್ಗೆ ನೋಡಿದರೆ ಮಟ್ಟ ಸ್ವಲ್ಪ ಇಳಿದಿತ್ತು, ತುಂಬಿಸಿದೆ.

ಅದೇ ಜಾಗಕ್ಕೆ ಹೊಸ ಟಿಶ್ಯೂ ಸುತ್ತಿ ಮತ್ತೆ ಕೆಂಗೇರಿಗೆ ಹೋಗಿ ಬಂದೆ. ಬಿಚ್ಚಿ ನೋಡಿದಾಗ ಬೆಳ್ಳಗೇ ಇತ್ತು.