ಆ 20 ಅಂಕ

ಮುಂಬಯಿ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ನೂರರಲ್ಲಿ 80 ಅಂಕ ಬೋರ್ಡ್ ಪರೀಕ್ಷೆಗೆ, ಶಾಲೆಯಲ್ಲೇ ಕೊಡುವ ಆಂತರಿಕ 20 ಅಂಕ ನಮ್ಮ ಕೈಯಲ್ಲಿರುತ್ತಿತ್ತು. ನಿಜ ಹೇಳಬೇಕೆಂದರೆ, ನಾನು ಯಾರಿಗೂ 17ಕ್ಕಿಂತ ಕಡಿಮೆ ಹಾಕಿದವಳಲ್ಲ. ಎಲ್ಲರೂ ಧಾರಾಳವಾಗಿ ಕೊಡುವಾಗ ನಮ್ಮ ಮಕ್ಕಳಿಗೆ ಮಾತ್ರ ಯಾಕೆ ನಷ್ಟ, ಅಲ್ವಾ?

2019ರಲ್ಲಿ ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಭಾಷೆಗಳ ಆ 20 ಅಂಕ ತೆಗೆದುಬಿಟ್ಟಿತು. ರಾಜ್ಯದ ಎಸ್‌ಎಸ್‌ಸಿ, ಅಂದರೆ ಹತ್ತನೇ ತರಗತಿಯ ಫಲಿತಾಂಶ ಶೇ. 89.41ರಿಂದ 77.10ಕ್ಕೆ ಇಳಿಯಿತು. ಪಠ್ಯವೂ ಹೊಸದಿತ್ತು ಅನ್ನಿ. ಮರುವರ್ಷ 20 ಅಂಕ ವಾಪಸ್ ಬಂತು, ಫಲಿತಾಂಶ 95.30. ಕೊರೊನಾದಿಂದ ಪರೀಕ್ಷೆಯೇ ನಡೆಯದ 2021ರಲ್ಲಿ 99.95!

77.10 ನೋಡಿದ ಮೇಲೆ ನನಗೇ ನಾಚಿಕೆಯಾಯಿತು. ಅಂಕ ವಾಪಸ್ ಬಂದಾಗ ಮೊದಲು ಪ್ರಬಂಧ ಬರೆದು ತರಲು ಹೇಳಿದೆ. ಗೈಡಿನಲ್ಲಿದ್ದ ಅಚ್ಚಿನ ತಪ್ಪಿನ ಸಮೇತ ಏಳು ಮಕ್ಕಳು ಇಳಿಸಿಕೊಂಡು ಬಂದಿದ್ದರು. ಮನೆಯಲ್ಲಿ ಮಾಡುವ ಕೆಲಸಕ್ಕೆ ಅಂಕ ಕೊಡುವುದು ಅಂದೇ ನಿಲ್ಲಿಸಿದೆ.

ಪ್ರತಿ ಶನಿವಾರ ಮೂರು ಮಕ್ಕಳು. ತಾವು ಕಣ್ಣಾರೆ ಕಂಡದ್ದರ ಬಗ್ಗೆ ಐದು ನಿಮಿಷ ಮಾತಾಡಬೇಕು. ಆಮೇಲೆ ನನ್ನ ಮೂರು ಪ್ರಶ್ನೆ. ಪ್ರಶ್ನೆ, ಉತ್ತರ ಎರಡನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಬರೆಯುವ ಪರೀಕ್ಷೆಯಲ್ಲಿ ಹೇಗೋ ಪಾಸಾಗುತ್ತಿದ್ದ ಒಬ್ಬ ಹುಡುಗಿ ಕಲಬುರಗಿ ಕಡೆಯವಳು. ಅವ್ವ ಬೆಳಿಗ್ಗೆ ಕೂಲಿಗೆ ನಾಕಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ರಸ್ತೆ ಕೂಡುವಲ್ಲಿ, ನಿಲ್ಲುವುದನ್ನು ಹೇಳಿದಳು. ಕೂಲಿಯವರನ್ನು ಆರಿಸಿ ಕರೆದೊಯ್ಯುವ ಮುಕಾದಮ್ ಮೊದಲು ಯಾರನ್ನು ಕರೆಯುತ್ತಾನೆ, ಯಾರನ್ನು ಬಿಡುತ್ತಾನೆ, ಎಲ್ಲ. "ಹತ್ತರ ಒಳಗ ಕೆಲಸ ಸಿಗಲಿಲ್ಲಂದ್ರ ಅವತ್ತಿನ ದಿನ ಹೋತ್ರಿ ಟೀಚರ್." ಪ್ರಶ್ನೆ ಕೇಳುವುದೇ ಮರೆತುಹೋಯಿತು ನನಗೆ. 19 ಹಾಕಿದೆ.

ತರಗತಿಗೇ ಮೊದಲಿಗ ಗಣೇಶೋತ್ಸವದ ಬಗ್ಗೆ ಬಾಯಿಪಾಠ ಒಪ್ಪಿಸಿದ. "ನಿಮ್ಮ ಗಲ್ಲಿಯ ಮಂಟಪ ಕಟ್ಟಿದವರು ಯಾರು?" ಅಂದೆ. ಸುಮ್ನೆ ನಿಂತ. 13.

ಸೋಮವಾರ ಅವನ ತಂದೆ ಬಂದರು. "ಟೀಚರ್, ಪಕ್ಕದ ಶಾಲೆಯಲ್ಲಿ ಎಲ್ಲರಿಗೂ 18, 19 ಕೊಡ್ತಾರೆ. ನನ್ನ ಮಗ ಏನು ತಪ್ಪು ಮಾಡಿದ?"

ಪುಸ್ತಕ ತೋರಿಸಿದೆ. ಆದರೆ ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೋರ್ಡಿನ ಉತ್ತರಪತ್ರಿಕೆ ತಿದ್ದುವವರಿಗೆ ಮಗುವಿನ ಮುಖವೂ ಗೊತ್ತಿರುವುದಿಲ್ಲ, ಅಪ್ಪನ ಮುಖವೂ ಗೊತ್ತಿರುವುದಿಲ್ಲ. ಉಳಿದ 80 ಅಂಕ ಪರೀಕ್ಷೆಗೇ ಇರಲಿ ಎಂದು ನಾನು ಈಗಲೂ ಹೇಳುವುದು ಅದಕ್ಕೇ.

ಮುಂದಿನ ಶನಿವಾರ ಹುಡುಗನನ್ನು ಮತ್ತೆ ಮಾತಾಡಿಸಿದೆ. ಮಂಟಪದ ಬಡಗಿಯನ್ನು ಹುಡುಕಿ ಮಾತಾಡಿಸಿಕೊಂಡು ಬಂದಿದ್ದ. 16 ಹಾಕಿದೆ. 18 ಹಾಕಲಿಲ್ಲ.